ಚಕ್ಕೆ

ಉತ್ತರದ ತುದಿಯಿಂದ ಬಂದದ್ದು ಒಂದು ಡಬ್ಬಿ.
ಮೇಲೆ ಚೀಟಿ: ಕಲ್ಲಿನ ಚೂರು, ಬೆಲೆ ಇಲ್ಲ.

ಗಂಗೋತ್ರಿಯ ಲ್ಯಾಬಿನಲ್ಲಿ ನನ್ನ ಕೆಲಸ ಇಷ್ಟೇ:
ಚಿತ್ರ ಬರೆಯುವುದು. ಏಟು ಬಿದ್ದ ಕಡೆ ಚುಕ್ಕಿ,
ಅಲೆ ಹರಡಿದ ಕಡೆ ಗೆರೆ, ಗೆರೆಯ ಪಕ್ಕ ಗೆರೆ.
ಬೆಣಚು, ಹಳೆಯ ಹಲ್ಲಿನ ಬಣ್ಣದ್ದು. ಎಂಟು ಸಾವಿರ ವರ್ಷ.
ಮಸಾಲೆ ಡಬ್ಬಿಯಲ್ಲೂ ಚಕ್ಕೆ, ಇಲ್ಲೂ ಚಕ್ಕೆ;
ಯಾರೂ ಇಲ್ಲದಾಗ ಒಮ್ಮೆ ಮೂಸಿದೆ.
ವಾಸನೆ ಇರಲಿಲ್ಲ.

ಮೂವತ್ತೊಂದನೆಯದು ಪೆನ್ಸಿಲ್ಲಿಗೆ ಬಗ್ಗಲಿಲ್ಲ.
ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಮುರಿದಿದೆ.
"ಚಳಿಗೆ ಒಡೆದದ್ದು, ಬಿಡಿ" ಎಂದರು ಪದ್ಮಿನಿ ಮೇಡಂ.

ಬಿಡಲಾಗಲಿಲ್ಲ. ರಿಜಿಸ್ಟರಿಗೆ ಸಹಿ ಹಾಕಿ, ಹತ್ತಿಯಲ್ಲಿ ಸುತ್ತಿ,
ಭಾನುವಾರ ಪಾಂಡವಪುರದ ಬಸ್ಸು ಹತ್ತಿದೆ.

ಹುಣಸೆಮರದ ಕೆಳಗೆ ಯಲ್ಲಬೋವಿ ಒರಳು ಕೊಚ್ಚುತ್ತಿದ್ದ.
ಈಗ ಒರಳು ಕೊಳ್ಳುವವರು ರೆಸಾರ್ಟಿನವರು,
ನೀರು ತುಂಬಿ ಹೂವು ತೇಲಿಬಿಡುವುದಕ್ಕೆ.
ಅವನಿಗೆ ಅದರಲ್ಲೇನೂ ತಕರಾರಿಲ್ಲ:
"ಗುಳಿ ಗುಳೀನೆ ಕಣವ್ವ."

ಕಣ್ಣಿಂದ ನೋಡಲಿಲ್ಲ. ಹೆಬ್ಬೆರಳು ಇಟ್ಟ.
ಎಂದೋ ಸುತ್ತಿಗೆಗೆ ಸತ್ತ ಉಗುರು.
ತಿರುಗಿಸಿದ. ಈ ಕೈಯಿಂದ ಆ ಕೈಗೆ ಬದಲಿಸಿದ.
"ಇವ ಎಡಚ. ಹೊಸಬ.
ಇಲ್ಲಿ ನೋಡು, ಹೊಡ್ದವ್ನೆ, ಬಂದಿಲ್ಲ.
ಅಲ್ಲೇ ಹೊಡ್ದವ್ನೆ. ಅಲ್ಲೇ. ಸಿಟ್ಟು ಬಂದದೆ.
ಕೊನೇದು ಯಾರೋ ದೊಡ್ಡೋರು ಹೊಡ್ದಿರಾದು.
ಒಂದೇ ಏಟು. ಮುಟ್ಟು, ನೀರಂಗೆ ಬಂದದೆ."

ಮುಟ್ಟಿದೆ.

ಯಾವೂರದು ಎಂದ. ಹೇಳಿದೆ:
ಎರಡು ತಿಂಗಳು ಹೊತ್ತೇ ಹುಟ್ಟದ ಊರು,
ಕಡಲ ದಂಡೆ, ಮಂಜು, ಮರ ಅನ್ನುವುದಿಲ್ಲ.
ನಂಬಿದನೋ ಇಲ್ಲವೋ.
"ಕತ್ಲೇಲಿ ಕೂತು ಕಲ್ತವ್ನೆ ಹಂಗಾರೆ.
ಚೂರು ಕಣ್ಣಿಗೆ ಬೀಳ್ತದೆ, ಮಕ ತಿರುಗ್ಸ್ಕೊ ಮಗ ಅಂತ
ಹೇಳಾರು ಇದ್ರೋ ಏನೋ."
ಅವನ ಎಡಗಣ್ಣಿನಲ್ಲೊಂದು ಬಿಳಿ ಚುಕ್ಕೆ.
ಅವನು ತೋರಿಸಲಿಲ್ಲ, ನಾನು ಕೇಳಲಿಲ್ಲ.
ಉಳಿ ಮತ್ತೆ ಶುರುವಾಯಿತು.

ಸೋಮವಾರ ಹೊಸ ಹಾಳೆ.
ಒತ್ತಾಗಿ ನಾಲ್ಕು ಚುಕ್ಕಿ, ಆಮೇಲೆ ದೂರದಲ್ಲಿ ಒಂದು.
ಸಿಟ್ಟಿಗೆ ನಮ್ಮಲ್ಲಿ ಗುರುತಿಲ್ಲ.
ಷರಾ ಕಾಲಮಿನಲ್ಲಿ "ಕಲಿಯುವವರ ಕೈ" ಎಂದು ಬರೆದೆ.
ಮೇಡಂ ಕನ್ನಡಕ ಏರಿಸಿ, ಪಕ್ಕದಲ್ಲಿ ಕೆಂಪಿನಲ್ಲಿ: ಆಧಾರ?

ಡಬ್ಬಿ ಮುಚ್ಚುವ ಮೊದಲು ಮೂಸಿದೆ.
ಹೊಗೆಸೊಪ್ಪು, ಸ್ವಲ್ಪ ಸುಣ್ಣ.
ಸ್ಪಿರಿಟ್ಟಿನಲ್ಲಿ ಒರೆಸಬೇಕು, ನಿಯಮ.
ನಾಳೆ ಒರೆಸುತ್ತೇನೆ.