ಎರಡನೇ ಸಲ

ಹೋದ ಸಲ ನಾನು ಫೇಲಾದದ್ದು ಎಲ್ಲೂ ಗುದ್ದಿ ಅಲ್ಲ,
ಇಪ್ಪತ್ತರಲ್ಲಿ.
ಖಾಲಿ ರಸ್ತೆ, ಎದುರಿಗೆ ಒಂದು ನಾಯಿಯೂ ಇಲ್ಲ,
ಮುಳ್ಳು ಇಪ್ಪತ್ತು ದಾಟಲಿಲ್ಲ.
ಬೆನ್ನ ಹಿಂದೆ ಗೋವಾ ಲಾರಿಯ ಹಾರ್ನು
ಬಂದರಿಗೆ ಬಂದ ಹಡಗಿನ ಹಾಗೆ.
ಪೆಡ್ನೇಕರ ಸಾಹೇಬರು ಕಾಗದದಲ್ಲಿ ಬರೆದರು: ಅಂಜಿಕೆ.
ಫೇಲಿಗೆ ಅದೂ ಒಂದು ಕಾರಣ ಅಂತ ಗೊತ್ತಿರಲಿಲ್ಲ;
ನಲವತ್ತಾರು ವರ್ಷ ಅದನ್ನು ಎಲ್ಲರೂ
ಒಳ್ಳೆಯ ಗುಣ ಎಂದಿದ್ದರು.

ಕಲಿಸುವ ಇನಾಸ ಹೇಳಿದ:
"ಬೋರ್ಡಿನ ಮೇಲೆ ಐವತ್ತು ಅಂದ್ರೆ, ಶೇವಂತಿಬಾಯಿ,
ಐವತ್ತು ಹೋಗಲೇಬೇಕು ಅಂತಲ್ಲ,
ಅದರ ಆಚೆ ಬೇಡ ಅಂತ.
ಈಚೆ ಎಷ್ಟು ಅನ್ನೋದು ನಿಮ್ಮ ಕಣ್ಣಿಗೆ ಬಿಟ್ಟದ್ದು."

ನನ್ನ ಕಣ್ಣಿಗೆ ಯಾರೂ ಏನನ್ನೂ ಬಿಟ್ಟಿರಲಿಲ್ಲ.

ಆಯಿ ಬೈತಕೋಲದಿಂದ ಪೇಟೆಗೆ
ಬುಟ್ಟಿ ಹೊತ್ತು ನಡೆಯುತ್ತಿದ್ದದ್ದು ನೆನಪಾಯಿತು.
ಓಡಿದರೆ ನೀರು ಚೆಲ್ಲಿ ಬಂಗುಡೆ ಜಾರುತ್ತದೆ,
ನಿಂತರೆ ಬಿಸಿಲು ಮೊದಲು ಮೀನಿನ ಕಣ್ಣನ್ನೇ ಕೆಡಿಸುತ್ತದೆ.
ಆ ನಡುವಿನ ನಡಿಗೆ ಅಳೆಯಲು ಅವಳ ಬಳಿ ಮುಳ್ಳಿರಲಿಲ್ಲ,
ಸೊಂಟವಿತ್ತು.

ಇವತ್ತು ಮತ್ತೆ ಅದೇ ಬಿಳಿ ಕಾರು, ಅದೇ ಸಾಹೇಬರು,
ಅದೇ ಎಲೆ-ತಂಬಾಕಿನ ವಾಸನೆ.
ಕೋಡಿಬಾಗ ಕಳೆದು ಮೂರು, ನಾಲ್ಕು.
ನಲವತ್ತೈದು.
ಸೆರಗು ನನಗಿಂತ ಮೊದಲೇ ಧೈರ್ಯ ತಂದುಕೊಂಡಿತು.
ಕಾಳಿ ಸೇತುವೆಯಲ್ಲಿ ಗಾಳಿ ಅಡ್ಡ ಬೀಸಿ
ಕಾರನ್ನು ಒಂದು ಬೆರಳಷ್ಟು ಸರಿಸಿತು,
ಅಷ್ಟೇ ನಾನು ವಾಪಸು ತಂದೆ.

ಸದಾಶಿವಗಡದ ಆ ಶಾಲೆ. ಬೋರ್ಡಿನಲ್ಲಿ ಐವತ್ತು.
ಬಿಡಲು ಇನ್ನೂ ಹೊತ್ತಿತ್ತು, ಗೇಟು ಮುಚ್ಚಿತ್ತು.
ಆದರೆ ಗೇಟಿನೆದುರು ಐಸ್‌ಕ್ಯಾಂಡಿಯವನು
ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಿದ್ದ.

ಮೂರಕ್ಕೆ ಇಳಿಸಿದೆ. ಎರಡಕ್ಕೆ.
ಮುಳ್ಳು ಮತ್ತೆ ಅಲ್ಲಿಗೇ ಬಂತು, ಇಪ್ಪತ್ತಕ್ಕೆ.

"ಯಾಕೆ ಸಾವಕಾಶ? ಮಕ್ಕಳೆಲ್ಲಿದ್ದಾರೆ?" ಎಂದರು ಸಾಹೇಬರು.
"ಬರ್ತಾರೆ," ಎಂದೆ.

ಆಗಲೇ ಗಂಟೆ ಹೊಡೆಯಿತು ಎಂದರೆ ನೀವು ನಂಬಲಿಕ್ಕಿಲ್ಲ.
ಹೊಡೆಯಲೂ ಇಲ್ಲ.
ಗೇಟು ಹಾಗೇ ಇತ್ತು, ನಾವು ದಾಟಿ ಬಂದೆವು,
ಕನ್ನಡಿಯಲ್ಲಿ ಐಸ್‌ಕ್ಯಾಂಡಿಯವನು
ಡಬ್ಬಿಯ ಮುಚ್ಚಳ ಒರೆಸುತ್ತ ಒರೆಸುತ್ತ ಸಣ್ಣಗಾದ.
ಹೋದ ಸಲ ಇದೇ ಇಪ್ಪತ್ತರಲ್ಲಿ
ನನ್ನ ಮೊಣಕಾಲು ಕುಣಿಯುತ್ತಿತ್ತು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು,
ಏನೂ ಬರೆಯದೆ ಮತ್ತೆ ಹಾಕಿದರು.
"ಮುಂದೆ ತಿರುಗಿಸಿಕೊಳ್ಳಿ."

ತಿರುವಿಗೆ ಎಷ್ಟು ಎಂದು
ನಾನು ಕೇಳಲಿಲ್ಲ.