ಎಡಕ್ಕೆ ಮಾಘ

ಸಂಗಯ್ಯನವರ ಕಡೆ ಮಾಘ,
ನನ್ನ ಕಡೆ ಕಾದ ಹೆಂಚು.
ಒಂದೇ ಕಾರು, ನಡುವೆ ಒಂದು ಗೇರು.

"ಎಷ್ಟ್ ತಂಪೈತಿ, ಸುಳ್ಳ್ ಹೇಳಬ್ಯಾಡ" ಅಂತ
ಕಿವಿಗೆ ವಲ್ಲಿ ಸುತ್ತಿಕೊಂಡೇ ಬೈದರು ಎರಡು ತಿಂಗಳು.
ದೇವದುರ್ಗಕ್ಕೆ ಹೋಗಿ ಬರುವಷ್ಟರಲ್ಲಿ
ನನ್ನ ಅಂಗಿಯ ಬೆನ್ನಿಗೆ ಉಪ್ಪಿನ ನಕಾಶೆ.
ಎರಡು ಸಲ ಗ್ಯಾಸು ತುಂಬಿಸಿದೆವು;
ರೊಕ್ಕ ಹೋಯಿತು, ಸೆಕೆ ಹೋಗಲಿಲ್ಲ.

ರಾಯಚೂರು ಗಂಜಿನ ಹಿಂದೆ
ಚಾಂದಪಾಷಾ ಗೇಜು ಮುಟ್ಟಲೇ ಇಲ್ಲ.
"ಸೊಲ್ಪ ಸುಮ್ಕಿರ್ರಿ" ಅಂದ.
ಫ್ಯಾನು ಇಳಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿ ಡ್ಯಾಶಿಗೆ,
ಹಿಡಿ ಕಿವಿಗೆ.
ಟಿಕ್. ಟಿಕ್. ಟಿಕ್.
ಗೋಡೆಯೊಳಗೆ ಹಲ್ಲಿ ಲೊಚಗುಟ್ಟಿದ ಹಾಗೆ.

"ಗ್ಯಾಸಿಂದಲ್ರಿ, ಬಾಗಲದ್ದು ರೋಗ.
ಬಿಸಿ ಗಾಳಿಗೂ ತಣ್ಣನ ಗಾಳಿಗೂ ನಡುವ ಒಂದ್ ಕದ,
ಅದನ್ನ ತಿರುಗಸೋ ಮೋಟ್ರು
ಬರೇ ಹಲ್ಲು ಕಡ್ಯಾಕ್ ಹತ್ತೈತಿ."

ಆಮೇಲೆ ಮಾಲಕರಿಗೆ ನನ್ನ ಸೀಟು ತೋರಿಸಿ
"ಇಲ್ಲಿ ಕುಂದರ್ರಿ" ಅಂದ.
ಐದು ನಿಮಿಷ. ವಲ್ಲಿ ಬಿಚ್ಚಿದರು.
ಮೇಲಿನ ಗುಂಡಿ ಬಿಚ್ಚಿದರು.
ಏನೂ ಅನ್ನಲಿಲ್ಲ.

ಪೆಡಲುಗಳ ಸಂದಿಯಲ್ಲಿ ಅಂಗಾತ ಮಲಗಿ
ಅವನು ಪಿನ್ನು ಕಿತ್ತ, ಸಪ್ಪಳ ನಿಂತಿತು.
ಮೂರು ಸ್ಕ್ರೂ, ಕಡ್ಡಿಪೆಟ್ಟಿಗೆಯಷ್ಟು ಡಬ್ಬಿ,
ಒಳಗೆ ಬಿಳಿ ಹಲ್ಲುಗಾಲಿ, ಎರಡು ಕಡೆ ಬೋಡು.
ಎರಡೇ ಬೆರಳಲ್ಲಿ ಕದದ ಕೀಲು ತಿರುವಿದ:
ನನ್ನ ಕಡೆಗೂ ಬಂತು ಮಾಘ.

ಹೊಸದು ಹೈದರಾಬಾದಿನಿಂದ ಬರಬೇಕು, ಗುರುವಾರ.
ಅಲ್ಲೀತನಕ ತಂತಿ ಬಿಗಿದಿದ್ದಾನೆ.
ಆ ಬೋಡು ಗಾಲಿಯನ್ನು ಸಂಗಯ್ಯನವರು
ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು.
ಯಾಕೆ ಅಂತ ನಾನು ಕೇಳಲಿಲ್ಲ.