ಎಂಬತ್ತಾರು

ಇಡೀ ಓಣಿಗೆ ಆಗ ಒಂದೇ ಮಿಷನ್.
ಅರಿವಿಗೆ ಹಾಕೋ ಚಿಮಟದಂಥಾದು,
ಬಾಯಿ ತೆಗದ್ರ ಒಳಗೊಂದು ಕೆಂಪು ದೀಪ.
ಸಕ್ಕರಿ ಡಬ್ಬಿಯೊಳಗ ಹತ್ತಿ ಹಾಸಿ, ಹಗ್ಗ ಕಟ್ಟಿ
ಮಾಳಿಗಿಯಿಂದ ಮಾಳಿಗಿಗೆ ದಾಟಸ್ತಿದ್ದೆವು.
ತಯ್ಯಬಾ ಆಪಾಂದು ತೊಂಬತ್ತೆಂಟು.
ಗೌಂಡಿ ಹಣಮಂತನ ಮನ್ಯಾಗ ತೊಂಬತ್ತೇಳು, ತೊಂಬತ್ತಾರು.
ಪಾಸಾದೋರು ಕೂಗಿ ಹೇಳೋರು,
ಆಗದೋರು ಕದ ಮುಂದ ಮಾಡೋರು.

ಶಹಾಬಾದದ ಬ್ಯಾಸಗಿ ರಾತ್ರಿ.
ಹಾಸುಗಲ್ಲು ಹಗಲ ಕುಡಿದ ಬಿಸಲು ಇನ್ನಾ ಉಗುಳತಿತ್ತು.
ಕರೆಂಟ್ ಇಲ್ಲ. ಭೀಮಶಾಗ ಎರಡು ದಿನದ ಜ್ವರ.
ಪಾಳಿ ನಮ್ಮದು ಬಂತು. ಬಲಗೈ ಬಟ್ಟು ಹಿಡದೆ.
ಎಂಬತ್ತಾರು.

ತೆಗದೆ, ಸೆರಗಿಗೆ ಒರೆಸಿದೆ, ಮತ್ತ ಹಾಕಿದೆ.
ಎಂಬತ್ತೈದು. ಎಂಬತ್ತಾರು.
"ಎಷ್ಟದ?" ಅಂದ.
"ಸೆಲ್ಲು ಮುಗದಾವ" ಅಂದೆ.

ಅಡಗಿಮನಿ ಮೂಲ್ಯಾಗ ಕುಂತು ಫೋನಿಗೆ ಕೇಳಿದೆ,
ಎಂಬತ್ತಾರು ಅಂದ್ರೇನು?
ಸಾಯಲಿಕ್ಕೆ ಹತ್ತು ದಾರಿ ತೋರಸ್ತು ಅದು,
ನಡುನಡುವ ಪ್ರೆಶರ್ ಕುಕ್ಕರಿನ ಜಾಹೀರಾತು.
ಬೀಗರ ಗುಂಪಿನ್ಯಾಗ ಬಂದಿತ್ತು, ಕರ್ಪೂರ, ಅಜವಾನ,
ಅರಿವ್ಯಾಗ ಗಂಟು ಕಟ್ಟಿ ಮೂಸಿದ್ರ ಹತ್ತು ಏರ್ತದಂತ.
ಕಟ್ಟಿದೆ. ಮೂಗಿಗೆ ಹಿಡದೆ. ಕೆಮ್ಮಿದ.
ಎಂಬತ್ತಾರು.
ಇನ್ನೊಬ್ಬರು ಕಳಿಸಿದ್ರು, ಲಿಂಬಿರಸ ಮೂಗಿಗೆ ಎರಡು ಹನಿ.
ಅದು ಮಾಡಲಿಲ್ಲ. ಬುದ್ಧಿ ಇತ್ತಂತಲ್ಲ,
ಮನ್ಯಾಗ ಲಿಂಬಿಹಣ್ಣು ಇರಲಿಲ್ಲ.

ವಿಡಿಯೋದಾಗ ಒಬ್ಬ ಬಿಳಿ ಕೋಟಿನವ,
ಯಾವ ಊರಿನವನೋ, ಯಾವ ದವಾಖಾನಿಯವನೋ,
ಒಳಗ ಹೋದೋರು ನಡಕೊಂಡು ಹೊರಗ ಬರಂಗಿಲ್ಲ ಅಂದ.
ರೇಲ್ವೆ ಕ್ವಾರ್ಟರ್ಸಿನ ಗುರುಬಸಯ್ಯ ಆ ಮಾತು ನಂಬಿ
ಐದು ದಿನ ಕದ ತೆಗಿಲಿಲ್ಲ.
ಆರನೇ ದಿನ ಬ್ಯಾರೆಯವರು ತೆಗೆದ್ರು.

ಖರೆ ಮಾತೂ ಇತ್ತು ಅದರಾಗ, ಇಲ್ಲ ಅನ್ನಂಗಿಲ್ಲ.
ಉಗರು ನೀಲಿ ಆದ್ರ ತಡ ಮಾಡಬ್ಯಾಡ್ರಿ ಅಂತ ಬರದಿತ್ತು.
ಬೆಳಕು ಹಿಡದು ನೋಡಿದೆ.
ನೀಲಿ.

ಒಂದುನೂರಾ ಎಂಟಕ್ಕ ಹಚ್ಚಿದೆ, ಎಂಗೇಜ್.
ಶೋಭಾವತಿ ಸಿಸ್ಟರಿಗೆ ಹಚ್ಚಿದೆ, ಎತ್ತಲಿಲ್ಲ.
ಆಗ ನನ್ನ ಎದಿನೂ ಬಡಕೊಳ್ಳಾಕ ಹತ್ತಿತು,
ಉಸಿರು ಗಂಟಲದಾಗ ಸಿಕ್ಕೊಂಡಿತು, ಅಂಗೈ ಜುಮ್ ಜುಮ್.
ಮಿಷನ್ ನನ್ನ ಬಟ್ಟಿಗೆ ಹಾಕೊಂಡೆ.
ತೊಂಬತ್ತೊಂಬತ್ತು.
ಸುಳ್ಳು ಹೇಳ್ತದ ಅಂದ್ಕೊಂಡೆ,
ನನ್ನ ವಿಷಯದಾಗ ಮಾತ್ರ.

ನಾಲ್ಕೂವರಿಗೆ ಸಿಸ್ಟರ್ ತಾವೇ ಹಚ್ಚಿದ್ರು. ದನಿ ಒಡದಿತ್ತು.
ಮಾತಾಡ್ಲತಾನೇನು? ಹೂಂ.
ಎದ್ದು ನಡೀತಾನೇನು? ಈಗಷ್ಟೇ ನೀರು ಕುಡದು ಬಂದ.
ತುಟಿ ನೋಡ್ರಿ, ನಾಲಿಗಿ ನೋಡ್ರಿ. ಕೆಂಪಗವ.
ಉಗರಿಗೆ ಏನರೆ ಹಚ್ಚೀರೇನು?
ಕಲ್ಲು ಕೊರಿಯೋ ಗಂಡಸರೀ ಅವ, ಉಗರಿಗೇನು ಹಚ್ತಾನ,
ಅನ್ನೂದರಾಗ ಕರೆಂಟ್ ಬಂತು.

ಶಾಲಿ ಇಲ್ಲದ ಮಧ್ಯಾಹ್ನ ನಮ್ಮ ಭಾಗಿ,
ಏಳು ವರ್ಷದಾಕಿ,
ಜ್ವರದಾಗ ಮಲಗಿದ ಅಪ್ಪನ ಬಲಗೈಗೆ
ನೀಲಿ ಬಣ್ಣ ಬಳದಿದ್ದಳು,
ಐದೂ ಬಟ್ಟಿಗೆ, ಬಾಟ್ಲಿ ಮುಗಿಯೂತನ.

ಎಡಗೈ ತಿಕ್ಕಿ ಬಿಸಿ ಮಾಡಿ ಹಾಕ್ರಿ ಅಂದ್ರು.
ತೊಂಬತ್ತಾರು.
ನಕ್ಕೆನಂತ ಭೀಮಶಾ ಈಗ ಹೇಳ್ತಾನ.
ನನಗ ನೆನಪಿಲ್ಲ.
ಮರುದಿನ ಹೊಲದ ಮಾಸ್ಕ ಒಂದೂ ನೆಟ್ಟಗ ಬರಲಿಲ್ಲ,
ಅದು ನೆನಪದ.

ಡಬ್ಬಿ ಮುಚ್ಚಳದ ಮ್ಯಾಲ ಬರದು ಅಂಟಿಸಿದೆ,
ಉಗರಿನ ಬಣ್ಣ ತೆಗೀರಿ, ಕೈ ಬಿಸಿ ಮಾಡ್ಕೋರಿ, ತುಟಿ ನೋಡ್ರಿ.
ತಯ್ಯಬಾ ಆಪಾ ಅದನ್ನೇ ಕೆಳಗ ಉರ್ದುವಿನಾಗ ಬರದರು,
ಮ್ಯಾಲೆ ಒಂದು ಸಾಲು ಹೆಚ್ಚಿಗಿ. ಏನಂತ ಕೇಳಿದೆ.
"ಪಹಲೇ ಪಾನಿ ಪೀಯೋ" ಅಂದ್ರು.

ಫೋನ್ ಇಡೋ ಮುಂದ ಸಿಸ್ಟರ್ ಅಂದಿದ್ರು,
ರಾತ್ರಿ ಅದನ್ನ ಕೇಳಬ್ಯಾಡ್ರಿ, ನನಗ ಹಚ್ರಿ.
ಹ್ಯಾಂಗೂ ಎಚ್ಚರೇ ಇರ್ತೀನಿ, ಇಪ್ಪತ್ತು ದಿನಾ ಆಯ್ತು.

ನೀವ ಹ್ಯಾಂಗದೀರಿ ಅಂತ ಆಗ ಕೇಳಬೇಕಿತ್ತು.
ಡಬ್ಬಿಗೆ ಹಗ್ಗ ಕಟ್ಟಲಿಕ್ಕೆ ಹತ್ತಿದ್ದೆ,
ಆಚಿ ಮಾಳಿಗಿ ಮ್ಯಾಲ ಮಂದಿ ನಿಂತಿದ್ರು.